ಕೊಡಗಿನ ಅಂಗಳಕ್ಕೆ ಕೆಂಪು ರಾಸ್ಪ್‌ಬೆರಿ

ಕೇಳುಗರಿಗೆ ನಮಸ್ಕಾರ.

ಕೆಂಪು ರಾಸ್ಪ್‌ಬೆರಿ ನೆಟ್ಟವರು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಇದು: ಗಿಡ ಸೊಂಪಾಗಿ ಬೆಳೆದಿದೆ, ಹಣ್ಣು ಮಾತ್ರ ಇಲ್ಲ, ಯಾಕೆ?

ಇದು ಯುರೋಪು ಮತ್ತು ಉತ್ತರ ಏಷ್ಯಾದ ಚಳಿ ನಾಡಿನ ಗಿಡ. ಅದರ ಬೇರು ಎಷ್ಟೋ ವರ್ಷ ಬದುಕುತ್ತದೆ, ಆದರೆ ನೆಲದಿಂದ ಮೇಲೆ ಬರುವ ಒಂದೊಂದು ಕಡ್ಡಿಗೆ ಎರಡೇ ವರ್ಷ ಆಯುಸ್ಸು. ಮೊದಲ ವರ್ಷ ಎಲೆ, ಎರಡನೇ ವರ್ಷ ಹೂವು, ಹಣ್ಣು, ಆಮೇಲೆ ಒಣಗುತ್ತದೆ. ಈ ಎರಡು ವರ್ಷಗಳ ನಡುವೆ ಅದಕ್ಕೊಂದು ಗಟ್ಟಿ ಚಳಿಗಾಲ ಬೇಕು. ಹಳೆಯ ತಳಿಗಳಿಗೆ 7 ಡಿಗ್ರಿಗಿಂತ ಕಡಿಮೆ ಚಳಿ 800 ಗಂಟೆಗೂ ಜಾಸ್ತಿ ಸಿಗಬೇಕು. ಮಡಿಕೇರಿಯ ಜನವರಿ ರಾತ್ರಿಗೆ ನಾವು ಕಂಬಳಿ ಹೊದೆಯುತ್ತೇವೆ, ನಿಜ. ಆದರೆ ಅಷ್ಟು ಚಳಿ ಇಲ್ಲಿ ಬರುವುದಿಲ್ಲ. ಮೊಗ್ಗು ಎಚ್ಚರಗೊಳ್ಳುವುದೇ ಇಲ್ಲ.

ಹಾಗಂತ ಆಸೆ ಬಿಡಬೇಕಾಗಿಲ್ಲ. ಮೊದಲ ವರ್ಷದ ಕಡ್ಡಿಯ ತುದಿಯಲ್ಲೇ ಹಣ್ಣು ಬಿಡುವ ತಳಿಗಳಿವೆ. 1969ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಬಿಡುಗಡೆಯಾದ ಹೆರಿಟೇಜ್ ಅಂಥದ್ದು. ಇಂಗ್ಲೆಂಡಿನ ಆಟಮ್ ಬ್ಲಿಸ್ ಇನ್ನೊಂದು. ಇವು ಆ ಚಳಿಗಾಲಕ್ಕಾಗಿ ಕಾದು ಕೂರುವುದಿಲ್ಲ. ನಮಗೆ ಬೇಕಾದದ್ದು ಇವೇ. ನರ್ಸರಿಯವರು ತಳಿಯ ಹೆಸರು ಹೇಳದೆ ಸುಮ್ನೆ "ರಾಸ್ಪ್‌ಬೆರಿ" ಅಂದರೆ ಆ ಗಿಡ ತರಬೇಡಿ.

ಚಳಿಯಷ್ಟೇ ದೊಡ್ಡ ವಿಷಯ ಮಳೆ. ಮಡಿಕೇರಿ ಕಡೆ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ, ಭಾಗಮಂಡಲದಲ್ಲಿ ಅದಕ್ಕಿಂತಲೂ ಜಾಸ್ತಿ. ರಾಸ್ಪ್‌ಬೆರಿಯ ಬೇರು ಬಹುಪಾಲು ಮೇಲಿನ ಒಂದಡಿ ಮಣ್ಣಿನಲ್ಲೇ ಹರಡಿರುತ್ತದೆ. ಅಲ್ಲಿ ನೀರು ನಿಂತರೆ ಬೇರು ಕೊಳೆತು ಗಿಡ ಸಾಯುತ್ತದೆ. ಆದ್ದರಿಂದ ಇಳಿಜಾರು ನೋಡಿ, ಒಂದಡಿ ಎತ್ತರದ ಮಡಿ ಮಾಡಿ ನೆಡಿ. ಗಿಡದಿಂದ ಗಿಡಕ್ಕೆ ಎರಡಡಿ ಇರಲಿ. ಸಿಲ್ವರ್ ಓಕ್ ನೆರಳಿನಲ್ಲಿ ಕಾಫಿ ಚೆನ್ನಾಗಿರುತ್ತದೆ, ಇದು ಇರುವುದಿಲ್ಲ. ಮನೆಯಂಗಳದ ಅಂಚಿನಲ್ಲಿ, ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಜಾಗ ಹುಡುಕಿ. ಮಣ್ಣು ಸ್ವಲ್ಪ ಹುಳಿ ಇದ್ದರೆ ಒಳ್ಳೆಯದೇ, ಪಿಎಚ್ 5.5ರಿಂದ 6.5. ತೀರಾ ಹುಳಿಯಾಗಿದ್ದರೆ ಕಾಫಿಗೆ ಹಾಕುವ ಸುಣ್ಣವೇ ಸಾಕು. ಬದನೆ, ಟೊಮೆಟೊ, ಆಲೂಗಡ್ಡೆ ಬೆಳೆದ ಜಾಗ ಮಾತ್ರ ಬೇಡ. ಅವುಗಳ ಸೊರಗು ರೋಗ ಮಣ್ಣಿನಲ್ಲೇ ಉಳಿದು ಇದಕ್ಕೂ ಹತ್ತುತ್ತದೆ. ಬೇಲಿಯಲ್ಲಿ ಕಾಡು ರಾಸ್ಪ್‌ಬೆರಿ ಜಾತಿಯ ಮುಳ್ಳು ಪೊದೆ ಇದ್ದರೆ ಅದರಿಂದಲೂ ದೂರ ನೆಡಿ. ಗಿಡಹೇನುಗಳು ಅಲ್ಲಿಂದ ವೈರಸ್ ಹೊತ್ತು ತರುತ್ತವೆ.

ಈಗ ಕತ್ತರಿಸುವ ವಿಷಯ. ನನ್ನ ಮಟ್ಟಿಗೆ ಕೊಡಗಿನಲ್ಲಿ ಇದೇ ಮುಖ್ಯ. ಮಳೆಯಲ್ಲಿ ಹಣ್ಣಾದರೆ ಒಂದೇ ರಾತ್ರಿಯಲ್ಲಿ ಬೂದು ಬೂಷ್ಟು ಹಿಡಿಯುತ್ತದೆ. ಹಣ್ಣು ಒಣ ತಿಂಗಳುಗಳಿಗೆ ಬರಬೇಕು. ಚಿಗುರೊಡೆದು ಹಣ್ಣಾಗಲು ಸುಮಾರು ನಾಲ್ಕೈದು ತಿಂಗಳು ಹಿಡಿಯುತ್ತದೆ. ಹಾಗಾಗಿ ಆಗಸ್ಟ್‌ನಲ್ಲಿ ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಎಲ್ಲ ಕಡ್ಡಿಗಳನ್ನೂ ನೆಲಮಟ್ಟಕ್ಕೆ ಕತ್ತರಿಸಬೇಕು. ಮನಸ್ಸು ಬರುವುದಿಲ್ಲ, ಗೊತ್ತು. ಆದರೂ ಕತ್ತರಿಸಿ. ಹೊಸ ಚಿಗುರು ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಮೇಲೆದ್ದು, ಸುಗ್ಗಿ ಹಬ್ಬ ಪುತ್ತರಿ ಕಳೆದ ಮೇಲೆ ಹಣ್ಣು ಶುರುವಾಗುವಂತೆ ಲೆಕ್ಕ ಹಾಕಿ. ಮಹಾಬಲೇಶ್ವರವೂ ಕೊಡಗಿನ ಹಾಗೆ ಧೋ ಎಂದು ಮಳೆ ಸುರಿಯುವ ಊರು. ಅಲ್ಲಿನ ಸ್ಟ್ರಾಬೆರಿ ಕಾಲವೂ ಮಳೆ ಮುಗಿದ ಮೇಲೇ.

ಚಿಗುರು ಎತ್ತರವಾದಾಗ ಎರಡು ಗೂಟ ನೆಟ್ಟು, ತಂತಿ ಎಳೆದು, ಅದಕ್ಕೆ ಕಟ್ಟಿ. ಬುಡಕ್ಕೆ ತರಗೆಲೆ ಹೊದಿಸಿ. ಮಳೆ ನಿಂತ ಮೇಲೆ ನೀರು ತಪ್ಪಿಸಬೇಡಿ. ಹೂವಿಗೆ ಜೇನು ಬೇಕೇ ಬೇಕು. ಒಂದು ಹಣ್ಣು ಅಂದರೆ ಹತ್ತಾರು ಪುಟ್ಟ ಹಣ್ಣುಗಳ ಗೊಂಚಲು, ಒಂದೊಂದಕ್ಕೂ ಬೇರೆಯೇ ಪರಾಗ ಸೇರಬೇಕು. ಸೇರದಿದ್ದರೆ ಹಣ್ಣು ಪುಡಿಪುಡಿಯಾಗಿ ಉದುರುತ್ತದೆ. ಮನೆಯ ಬಳಿ ತುಡುವೆ ಜೇನಿನ ಪೆಟ್ಟಿಗೆ ಇದ್ದವರು ಅದೃಷ್ಟವಂತರು. ಹೂವಿದ್ದಾಗ ಔಷಧಿ ಹೊಡೆಯಬೇಡಿ. ಹಣ್ಣು ಕೆಂಪಾಗುವ ಮೊದಲೇ ಬಲೆ ಹಾಕಿ, ಇಲ್ಲವಾದರೆ ಪಿಕಳಾರಗಳು ನಿಮಗಿಂತ ಮುಂಚೆ ಎದ್ದಿರುತ್ತವೆ.

ಕೊಯ್ಲಿಗೆ ಕಣ್ಣಿಗಿಂತ ಬೆರಳನ್ನು ನಂಬಿ. ಕೆಂಪಾದ ಮಾತ್ರಕ್ಕೆ ಹಣ್ಣಾಗಿಲ್ಲ. ಮೂರು ಬೆರಳಲ್ಲಿ ಮೆತ್ತಗೆ ಹಿಡಿದು ಎಳೆದರೆ ಹಣ್ಣು ತಾನಾಗಿ ಜಾರಿ ಬರಬೇಕು. ಒಳಗಿನ ಬಿಳಿ ದಿಂಡು ಗಿಡದಲ್ಲೇ ಉಳಿಯುತ್ತದೆ, ಹಣ್ಣು ಪುಟ್ಟ ಟೋಪಿಯ ಹಾಗೆ ಟೊಳ್ಳಾಗಿ ಕೈಗೆ ಬರುತ್ತದೆ. ಬ್ಲ್ಯಾಕ್‌ಬೆರಿಯಲ್ಲಾದರೆ ದಿಂಡೂ ಜೊತೆಗೇ ಬರುತ್ತದೆ. ಬಲವಾಗಿ ಎಳೆಯಬೇಕಾಗಿ ಬಂದರೆ ಬಿಟ್ಟುಬಿಡಿ, ನಾಳೆ ಬನ್ನಿ. ಕಿತ್ತ ಮೇಲೆ ಇದು ಮನೆಯಲ್ಲಿಟ್ಟರೆ ಸಿಹಿಯಾಗುವ ಹಣ್ಣಲ್ಲ. ಬೆಳಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮುನ್ನ ಕೊಯ್ಯಿರಿ. ಅಗಲ ತಟ್ಟೆಯಲ್ಲಿ ಎರಡು ಪದರಕ್ಕಿಂತ ಹೆಚ್ಚು ಬೇಡ, ಅಡಿಯದ್ದು ಜಜ್ಜಿಹೋಗುತ್ತದೆ. ತಿನ್ನುವ ತನಕ ತೊಳೆಯಬೇಡಿ. ಕಾಲ ಶುರುವಾದರೆ ದಿನ ಬಿಟ್ಟು ದಿನ ಗಿಡದ ಬಳಿ ಹೋಗಲೇಬೇಕು. ಅದೇ ಹೊತ್ತಿಗೆ ತೋಟದಲ್ಲಿ ಕಾಫಿ ಕೊಯ್ಲೂ ಇರುತ್ತದೆ, ಆಳುಗಳಿಗೂ ಬಿಡುವಿರುವುದಿಲ್ಲ. ಹಾಗಾಗಿ ನಾಲ್ಕೈದು ಗಿಡ ಸಾಕು ಅನ್ನುತ್ತೇನೆ. ಫ್ರಿಜ್ಜಿನಲ್ಲಿಟ್ಟರೂ ಎರಡು ಮೂರು ದಿನ ಬಾಳುವ ಈ ಹಣ್ಣನ್ನು ಬೆಂಗಳೂರಿಗೆ ಕಳಿಸುವ ಆಸೆ ಬೇಡ. ಇದು ಮನೆಮಂದಿ ತಿನ್ನಲು.

ಇಷ್ಟೆಲ್ಲ ಆಗುವುದಿಲ್ಲ ಎನ್ನುವವರಿಗೆ ನಮ್ಮದೇ ಒಂದು ಹಣ್ಣಿದೆ. ಅಮೆರಿಕದ ಫ್ಲಾರಿಡಾದಲ್ಲಿ ಅದನ್ನು ಮೈಸೂರು ರಾಸ್ಪ್‌ಬೆರಿ ಅಂತಲೇ ಕರೆಯುತ್ತಾರೆ. ಮೊದಲು ಕೆಂಪು, ಹಣ್ಣಾದಾಗ ಕಪ್ಪು. ಅದಕ್ಕೆ ಚಳಿಗಾಲದ ಹಂಗಿಲ್ಲ. ಮುಳ್ಳು ಜೋರು, ಹಬ್ಬುವುದೂ ಜೋರು. ಹವಾಯಿಯಲ್ಲಿ ಕಾಡಿಗೆ ನುಗ್ಗಿ ಕಳೆಯಾಗಿಬಿಟ್ಟಿದೆ. ಬೇಲಿ ಬದಿಯಲ್ಲಿ ಹಿಡಿತದಲ್ಲಿಟ್ಟು ಬೆಳೆಸಿ.

ತಿನ್ನುವ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಅಲ್ವಾ? ಮೊದಲ ಹಿಡಿ ಗಿಡದ ಬಳಿಯೇ ಮುಗಿಯುತ್ತದೆ. ಉಳಿದದ್ದನ್ನು ಗಟ್ಟಿ ಮೊಸರಿಗೆ, ಸ್ವಲ್ಪ ಜೇನುತುಪ್ಪದ ಜೊತೆ ಹಾಕಿ. ಮೆತ್ತಗಾದವನ್ನು ಎಸೆಯಬೇಡಿ, ಜಾಮ್ ಮಾಡಿ. ಹಣ್ಣಿನ ತೂಕದಷ್ಟೇ ಸಕ್ಕರೆ, ಅರ್ಧ ನಿಂಬೆರಸ, ದಪ್ಪ ತಳದ ಪಾತ್ರೆ. ಬೇಗ ಗಟ್ಟಿಯಾಗುತ್ತದೆ, ಒಲೆ ಬಿಟ್ಟು ಕದಲಬೇಡಿ. ಬೀಜ ಹಲ್ಲಿಗೆ ಸಿಕ್ಕುತ್ತದೆ ಎನ್ನುವ ಹಿರಿಯರಿಗೆ ಅರ್ಧವನ್ನು ಸೋಸಿ ಕೊಡಿ. ಅಕ್ಕಿತರಿ, ತೆಂಗಿನಕಾಯಿ ಹಾಕಿ ಬೇಯಿಸಿದ ಬಿಸಿ ಪಾಪುಟ್ಟಿನ ಮೇಲೆ ಆ ಜಾಮ್ ಒಂದು ಚಮಚ ಹಾಕಿ ನೋಡಿ. ತೆಂಗಿನಕಾಯಿಯ ಸಿಹಿಗೆ ಅದರ ಹುಳಿ ತುಂಬ ಚೆನ್ನಾಗಿ ಹೊಂದುತ್ತದೆ.

ನಮಸ್ಕಾರ.