ಒಂದೇ ವಿಮಾನದಲ್ಲಿ ಬಂದರೂ

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಕೆಲವರ ಕೈಗೆ ವೀಸಾ ಈಗಷ್ಟೇ ಬಂದಿದೆ. ಕೆಲವರು ಪರದೇಶಕ್ಕೆ ಹೋಗಿ ವರ್ಷವೋ ಎರಡು ವರ್ಷವೋ ಆಗಿದೆ. ಮನೆ ಹುಡುಕುವುದು, ಬ್ಯಾಂಕ್ ಖಾತೆ ತೆರೆಯುವುದು, ಮಕ್ಕಳನ್ನು ಶಾಲೆಗೆ ಸೇರಿಸುವುದು, ಇವುಗಳ ಬಗ್ಗೆ ಇವತ್ತು ನಾನು ಮಾತಾಡುವುದಿಲ್ಲ. ಕಾಗದಪತ್ರದ ಕೆಲಸ ಎಷ್ಟೇ ಕಷ್ಟವಾದರೂ ಒಂದು ದಿನ ಮುಗಿಯುತ್ತದೆ. ಮುಗಿಯದೆ ಮನೆಯೊಳಗೇ ಉಳಿದುಬಿಡುವ ಒಂದು ಸಂಗತಿ ಇದೆ. ಅದನ್ನು ಹೇಳಬೇಕು ಅಂತ ಬಂದಿದ್ದೇನೆ.

ಮನೆಯವರೆಲ್ಲ ಒಂದೇ ವಿಮಾನದಲ್ಲಿ ಬಂದು ಇಳಿಯುತ್ತೇವೆ. ಆದರೆ ಆ ದೇಶ ಎಲ್ಲರಿಗೂ ಒಟ್ಟಿಗೆ ಒಗ್ಗುವುದಿಲ್ಲ. ಮಕ್ಕಳಿಗೆ ಬೇಗ ಒಗ್ಗುತ್ತದೆ. ಕೆಲಸಕ್ಕೆ ಹೋಗುವವರಿಗೆ ಅದಕ್ಕಿಂತ ನಿಧಾನ. ಮನೆಯಲ್ಲೇ ಇರುವವರಿಗೆ ಇನ್ನೂ ನಿಧಾನ. ವಯಸ್ಸಾದವರಿಗೆ ಕೆಲವೊಮ್ಮೆ ಒಗ್ಗುವುದೇ ಇಲ್ಲ. ಈ ಅಂತರ ನಮ್ಮ ಕಣ್ಣಿಗೆ ಬೀಳದಿದ್ದರೆ ಮನೆಯ ಭಾರ ಮೆಲ್ಲಗೆ ಮಗುವಿನ ಹೆಗಲಿಗೆ ಜಾರುತ್ತದೆ. ನಮ್ಮ ಮನೆಯಲ್ಲಿ ಹಾಗೇ ಆಯಿತು.

ನಾವು ಹೋಗಿ 13 ತಿಂಗಳಾಗಿತ್ತು. ಮಗಳಿಗೆ 9 ವರ್ಷ, ಮಗನಿಗೆ 4. ಅತ್ತೆಯವರೂ ನಮ್ಮ ಜೊತೆಗಿದ್ದರು. ಅವರಿಗೆ ಹೊಟ್ಟೆನೋವು ಜಾಸ್ತಿಯಾಗಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಯಜಮಾನರು ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದರು. ಅಂಗಡಿಯಲ್ಲಿ ವ್ಯವಹರಿಸುವಷ್ಟು ಅಲ್ಲಿಯ ಭಾಷೆ ನನಗೆ ಬರುತ್ತಿತ್ತು, ಕಾಯಿಲೆ ವಿವರಿಸುವಷ್ಟು ಬರುತ್ತಿರಲಿಲ್ಲ. ಮಗಳು ಮಾತ್ರ ಅಲ್ಲೇ ಹುಟ್ಟಿದವಳ ಹಾಗೆ ಪಟಪಟ ಮಾತಾಡುತ್ತಿದ್ದಳು. ಡಾಕ್ಟರು ಅವಳ ಕಡೆ ತಿರುಗಿದರು. ನಾವೂ ಅವಳ ಮುಖ ನೋಡಿದೆವು.

ಅರ್ಧ ಗಂಟೆ ಆ ಮಗುವೇ ಮಾತಾಡಿತು. ಅಜ್ಜಿಗೆ ಮುಟ್ಟು ನಿಂತು ಎಷ್ಟು ವರ್ಷವಾಯಿತು ಅಂತ ಕೇಳಬೇಕಾಗಿ ಬಂತು. ಆ ಪದ ಅವಳಿಗೆ ಎರಡು ಭಾಷೆಯಲ್ಲೂ ಗೊತ್ತಿರಲಿಲ್ಲ. ಅತ್ತೆಯವರು ನಾಚಿಕೊಂಡು ಗೋಡೆ ನೋಡಿದರು. ಕೊನೆಗೆ ಡಾಕ್ಟರು ಏನಂದರು ಅಂತ ನಾನು ಕೇಳಿದೆ. ‘ಏನೂ ಇಲ್ವಂತೆ ಅಮ್ಮಾ, ಇನ್ನೊಂದು ಸಲ ಬಂದು ಸ್ಕ್ಯಾನ್ ಮಾಡಿಸ್ಬೇಕಂತೆ’ ಅಂದಳು.

ಆ ರಾತ್ರಿ ಹೊದಿಕೆಯೊಳಗೆ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ತುಂಬ ಕೇಳಿದ ಮೇಲೆ ಬಾಯಿಬಿಟ್ಟಳು. ಗಡ್ಡೆ ಇರಬಹುದು ಅಂತ ಡಾಕ್ಟರು ಹೇಳಿದ್ದರಂತೆ. ಅಜ್ಜಿ ಹೆದರುತ್ತಾರೆ, ಅಮ್ಮ ಅಳುತ್ತಾಳೆ ಅಂತ ಆ ಮಾತನ್ನು ಅವಳು ನಮಗೆ ಹೇಳಲೇ ಇಲ್ಲ. ಮುಂದೆ ಸ್ಕ್ಯಾನಿನಲ್ಲಿ ಗಡ್ಡೆ ಇಲ್ಲ ಅಂತ ಗೊತ್ತಾಯಿತು, ಅತ್ತೆಯವರು ಗುಣವಾದರು. ಆದರೆ ಆ ಸಂಜೆ ಮಗು ಅಷ್ಟು ದೊಡ್ಡ ಮಾತನ್ನು ಒಬ್ಬಳೇ ಹೊಟ್ಟೆಯಲ್ಲಿಟ್ಟುಕೊಂಡು ಊಟ ಮಾಡಿದಳು, ತಮ್ಮನ ಜೊತೆ ಆಡಿದಳು. ನೆನೆಸಿಕೊಂಡರೆ ಇವತ್ತಿಗೂ ನನಗೆ ಸಂಕಟವಾಗುತ್ತದೆ.

ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ. ಅಮೆರಿಕದಲ್ಲಿ 2016ರಲ್ಲಿ ಆರೋಗ್ಯ ಸೇವೆಗೆ ಒಂದು ನಿಯಮ ಬಂತು. ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಮಾತು ಅನುವಾದಿಸಲು ಚಿಕ್ಕ ಮಕ್ಕಳನ್ನು ಬಳಸಬಾರದು ಅಂತ ಅದು ಹೇಳುತ್ತದೆ. ಜೀವಕ್ಕೆ ಅಪಾಯವಿರುವ ತುರ್ತಿನಲ್ಲಿ, ಬೇರೆ ಯಾರೂ ತಕ್ಷಣ ಸಿಗದಿದ್ದಾಗ ಮಾತ್ರ ವಿನಾಯಿತಿ. ಹೀಗೆ ನಿಯಮವನ್ನೇ ಮಾಡಬೇಕಾಗಿ ಬಂತು ಅಂದರೆ ಎಷ್ಟು ಮಕ್ಕಳು ಆ ಕುರ್ಚಿಯಲ್ಲಿ ಕೂತಿರಬೇಕು, ಯೋಚಿಸಿ. ನೀವು ಹೋಗುವ ದೇಶ ಯಾವುದೇ ಇರಲಿ, ಆಸ್ಪತ್ರೆಗೆ ಹೋಗುವ ಮುಂಚೆಯೇ ದುಭಾಷಿ ಬೇಕು ಅಂತ ಕೇಳಿ. ಅನೇಕ ಕಡೆ ಫೋನಿನಲ್ಲಿ ದುಭಾಷಿಗಳು ಸಿಗುತ್ತಾರೆ. ಕೇಳದಿದ್ದರೆ ಯಾರೂ ತಾವಾಗಿಯೇ ಹೇಳದಿರಬಹುದು. ಇನ್ನೊಂದು ಮಾತು. ಅರ್ಜಿಯಲ್ಲಿ ನಿಮ್ಮ ಭಾಷೆ ಯಾವುದು ಅಂತ ಇರುವ ಕಡೆ ಕನ್ನಡ ಅಂತಲೇ ಬರೆಯಿರಿ. ಸುಮ್ನೆ ಹಿಂದಿ ಅಂತ ಬರೆದರೆ, ಹಿಂದಿ ಬಾರದ ನಿಮ್ಮ ತಾಯಿಗೆ ಅದರಿಂದ ಏನು ಉಪಯೋಗ?

ಮಗಳ ಪಟಪಟ ಮಾತು ನಮ್ಮನ್ನು ಇನ್ನೊಂದು ಕಡೆಯೂ ದಾರಿ ತಪ್ಪಿಸಿತು. ಅವಳು ಚೆನ್ನಾಗಿ ಹೊಂದಿಕೊಂಡಿದ್ದಾಳೆ ಅಂತ ನಾವು ನೆಮ್ಮದಿಯಾಗಿದ್ದೆವು. ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದಾಗ ಗದರಿದೆವು. ಆಟದಲ್ಲಿ ಜಾಸ್ತಿ ಗಮನ, ಓದಿನಲ್ಲಿ ಇಲ್ಲ ಅಂದೆವು. ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ ಅವರ ಬರಹ ಆಗ ನನ್ನ ಕಣ್ಣಿಗೆ ಬಿದ್ದಿದ್ದರೆ ಎಷ್ಟು ಒಳ್ಳೆಯದಿತ್ತು! ಆಟದ ಬಯಲಿನ ಭಾಷೆ ಬೇರೆ, ಪಾಠದ ಪುಸ್ತಕದ ಭಾಷೆ ಬೇರೆ ಅಂತ ಅವರು 1979ರಲ್ಲೇ ವಿವರಿಸಿದ್ದರು. ಮಾತಾಡುವ ಭಾಷೆ ಹೊಸದಾಗಿ ಬಂದ ಮಗುವಿಗೆ ಸುಮಾರು ಎರಡು ವರ್ಷದಲ್ಲಿ ಕೈವಶವಾಗುತ್ತದೆ. ಪಾಠದ ಭಾಷೆಯಲ್ಲಿ ಅಲ್ಲಿಯ ಮಕ್ಕಳಿಗೆ ಸಮನಾಗಲು ಐದರಿಂದ ಏಳು ವರ್ಷ ಬೇಕಾಗಬಹುದು. ಆಟದಲ್ಲಿ ಗೆಳತಿಯ ಮುಖ, ಕೈಸನ್ನೆ, ಎದುರಿಗಿರುವ ಚೆಂಡು ಎಲ್ಲವೂ ಅರ್ಥ ಹೇಳಿಕೊಡುತ್ತವೆ. ಪುಸ್ತಕದಲ್ಲಿ ಬರೀ ಅಕ್ಷರ. ನನ್ನ ಮಗಳಿಗೆ ಗಣಿತ ಬರುತ್ತಿತ್ತು, ಲೆಕ್ಕದ ಪ್ರಶ್ನೆ ಏನು ಕೇಳುತ್ತಿದೆ ಅಂತ ತಿಳಿಯುತ್ತಿರಲಿಲ್ಲ. ಗದರಿದ್ದು ನಮ್ಮ ತಪ್ಪು.

ಇನ್ನು ದೊಡ್ಡವರ ವಿಷಯ. 1955ರಲ್ಲಿ ನಾರ್ವೆಯ ಸಮಾಜಶಾಸ್ತ್ರಜ್ಞ ಸ್ವೆರೆ ಲಿಸ್‌ಗಾರ್ಡ್ ಒಂದು ಅಧ್ಯಯನ ಪ್ರಕಟಿಸಿದರು. ಫುಲ್‌ಬ್ರೈಟ್ ವಿದ್ಯಾರ್ಥಿವೇತನದಲ್ಲಿ ಅಮೆರಿಕಕ್ಕೆ ಹೋಗಿ ಬಂದ ಸುಮಾರು 200 ನಾರ್ವೆಯವರನ್ನು ಅವರು ಮಾತಾಡಿಸಿದ್ದರು. ಆರು ತಿಂಗಳಿಗಿಂತ ಕಡಿಮೆ ಇದ್ದವರು ಖುಷಿಯಾಗಿದ್ದರು. ಹದಿನೆಂಟು ತಿಂಗಳಿಗಿಂತ ಜಾಸ್ತಿ ಇದ್ದವರೂ ಚೆನ್ನಾಗಿದ್ದರು. ನಡುವಿನವರೇ ಹೆಚ್ಚು ಒಂಟಿತನ ಹೇಳಿಕೊಂಡವರು. ಮುಂದೆ ಬಂದ ಕೆಲವು ಅಧ್ಯಯನಗಳು ಇದನ್ನು ಒಪ್ಪಲಿಲ್ಲ. ತುಂಬ ಜನರಿಗೆ ಮೊದಲ ವಾರಗಳೇ ಕಷ್ಟ ಅಂದವು. ನನ್ನ ಮಟ್ಟಿಗೆ ಲಿಸ್‌ಗಾರ್ಡ್ ಹೇಳಿದ್ದೇ ಸರಿ. ಮೊದಲ ತಿಂಗಳುಗಳಲ್ಲಿ ಮೈತುಂಬ ಕೆಲಸ, ಎಲ್ಲ ಹೊಸದು. ವರ್ಷ ಕಳೆಯುವ ಹೊತ್ತಿಗೆ ಊರಿನಿಂದ ಫೋನ್ ಬರುವುದು ಕಡಿಮೆಯಾಗಿತ್ತು, ಅಲ್ಲಿ ಇನ್ನೂ ಒಬ್ಬ ಗೆಳತಿಯೂ ಆಗಿರಲಿಲ್ಲ. ನಿಮಗೂ ಹಾಗನ್ನಿಸಿದರೆ, ಬಂದಿದ್ದೇ ತಪ್ಪಾಯಿತೇನೋ ಅಂತ ಆ ತಿಂಗಳುಗಳಲ್ಲಿ ತೀರ್ಮಾನ ಮಾಡಬೇಡಿ.

ಹೊಸ ದೇಶದಲ್ಲಿ ಸುಮ್ಮನಿದ್ದರೂ ಒಂದು ಸುಸ್ತು ಇರುತ್ತದೆ. ಮಾನವಶಾಸ್ತ್ರಜ್ಞ ಕಲೆರ್ವೊ ಒಬರ್ಗ್ ಅದರ ಕಾರಣವನ್ನು ಚೆನ್ನಾಗಿ ಹೇಳಿದ್ದಾರೆ. ‘ಕಲ್ಚರ್ ಶಾಕ್’, ಅಂದರೆ ಹೊಸ ದೇಶದ ರೀತಿನೀತಿಗಳ ನಡುವೆ ಆಗುವ ತಳಮಳ, ಅನ್ನುವ ಮಾತು ಬಳಕೆಗೆ ಬಂದಿದ್ದು ಬಹುಮಟ್ಟಿಗೆ ಅವರಿಂದ. ಅವರೇ ಫಿನ್ಲೆಂಡಿನಿಂದ ಕೆನಡಾಕ್ಕೆ ಹೋಗಿ ನೆಲೆಸಿದ ದಂಪತಿಯ ಮಗ. ಯಾವಾಗ ಕೈಕುಲುಕಬೇಕು, ಕರೆದರೆ ಯಾವಾಗ ಹೋಗಬೇಕು, ಯಾವ ಮಾತನ್ನು ನಿಜ ಅಂದುಕೊಳ್ಳಬೇಕು, ಇಂಥ ನೂರಾರು ಸಣ್ಣ ಸುಳಿವುಗಳ ಮೇಲೆ ನಮ್ಮ ದಿನ ನಡೆಯುತ್ತದೆ. ಹೊಸ ದೇಶದಲ್ಲಿ ಅವೆಲ್ಲ ಒಟ್ಟಿಗೆ ಕೈತಪ್ಪುತ್ತವೆ. ಪ್ರತಿಯೊಂದಕ್ಕೂ ಯೋಚಿಸಬೇಕಾಗುತ್ತದೆ. ಸಂಜೆಗೆ ಏನೂ ಮಾಡದೆಯೂ ದಣಿವಾಗುವುದು ಅದಕ್ಕೇ.

ಕೆಲಸಕ್ಕೆ ಹೋಗುವವರಿಗೆ ಈ ಸುಳಿವುಗಳು ದಿನಾ ಅಭ್ಯಾಸವಾಗುತ್ತವೆ. ಮನೆಯಲ್ಲಿರುವ ಹೆಂಡತಿಗೋ ಗಂಡನಿಗೋ ಆ ಅವಕಾಶ ಇಲ್ಲ. ಕೆಲವು ವೀಸಾಗಳಲ್ಲಿ ಜೊತೆಗೆ ಬಂದ ಸಂಗಾತಿ ಕೆಲಸ ಮಾಡುವಂತೆಯೂ ಇಲ್ಲ. ಕೆಲಸದ ವೀಸಾದವರ ಸಂಗಾತಿಗೆ ಅಮೆರಿಕ ಕೊಡುವ ಎಚ್-4 ವೀಸಾದವರಿಗೆ 2015ರ ಮೇ ತಿಂಗಳಲ್ಲಿ ಆ ದಾರಿ ತೆರೆಯಿತು, ಅದೂ ಸಂಗಾತಿಯ ಗ್ರೀನ್ ಕಾರ್ಡ್ ಕೆಲಸ ಒಂದು ಹಂತ ದಾಟಿದವರಿಗೆ ಮಾತ್ರ. ಓದಿ ಕೆಲಸ ಮಾಡುತ್ತಿದ್ದವರು ಹೀಗೆ ವರ್ಷಗಟ್ಟಲೆ ಮನೆಯಲ್ಲಿ ಕೂತರೆ ಹೇಗಾಗುತ್ತದೆ ಅಂತ ಕೆಲಸಕ್ಕೆ ಹೋಗುವವರು ಕೇಳಬೇಕು. ಕೇಳಿ, ಉತ್ತರ ಪೂರ್ತಿ ಬರುವವರೆಗೆ ಕೂತಿರಬೇಕು. ಹೊರಡುವ ಮುಂಚೆಯೇ ಇಬ್ಬರೂ ವೀಸಾದ ಷರತ್ತು ಓದಿಕೊಳ್ಳಿ.

ಹಿರಿಯರ ದುಃಖಕ್ಕೆ ಹೆಸರಿಲ್ಲ ಅಂತ ಬಹಳ ದಿನ ಅಂದುಕೊಂಡಿದ್ದೆ. ಪಾಲಿನ್ ಬಾಸ್ ಅನ್ನುವ ಅಮೆರಿಕದ ಕುಟುಂಬ ಚಿಕಿತ್ಸಕಿ ಅದಕ್ಕೊಂದು ಹೆಸರು ಕೊಟ್ಟಿದ್ದಾರೆ. ಕನ್ನಡದಲ್ಲಿ ಅದನ್ನು ತೀರ್ಮಾನವಾಗದ ಅಗಲಿಕೆ ಅನ್ನಬಹುದು. ಯುದ್ಧದಲ್ಲಿ ಕಾಣೆಯಾದ ಸೈನಿಕರ ಮನೆಯವರನ್ನು ಅವರು 1970ರ ದಶಕದಲ್ಲಿ ಅಧ್ಯಯನ ಮಾಡಿದರು. ಮನುಷ್ಯ ಸತ್ತಿಲ್ಲ, ಕಣ್ಣೆದುರಿಗೂ ಇಲ್ಲ. ಅಳುವುದಕ್ಕೂ ಆಗುವುದಿಲ್ಲ, ಬಿಡುವುದಕ್ಕೂ ಆಗುವುದಿಲ್ಲ. ಬಾಸ್ ಅವರ ತಂದೆ ಸ್ವಿಟ್ಜರ್ಲೆಂಡಿನಿಂದ ಅಮೆರಿಕಕ್ಕೆ ಬಂದು ನೆಲೆಸಿದವರು. ಊರಿನ ತಾಯಿಗಾಗಿ, ಒಡಹುಟ್ಟಿದವರಿಗಾಗಿ ಅವರು ಹಂಬಲಿಸುತ್ತಿದ್ದುದನ್ನು ನೋಡುತ್ತ ಮಗಳು ಬೆಳೆದರು. ಅದನ್ನು ಓದಿದಾಗ ನನಗೆ ಅತ್ತೆಯವರು ಕಿಟಕಿಯ ಹತ್ತಿರ ಕೂರುತ್ತಿದ್ದುದು ಕಣ್ಣಿಗೆ ಬಂತು. ‘ಇಲ್ಲೇನು ಕಡಿಮೆಯಾಗಿದೆ ಅತ್ತೆ?’ ಅಂತ ನಾನು ಎಷ್ಟೋ ಸಲ ಕೇಳಿದ್ದೆ. ಹಾಗೆ ಕೇಳಬಾರದಿತ್ತು.

ಈಗ ಭಾಷೆಯ ಮಾತಿಗೆ ಬರುತ್ತೇನೆ. ನನಗೆ ತುಂಬ ಹೆದರಿಕೆ ಇರುವುದು ಇಲ್ಲೇ.

1991ರಲ್ಲಿ ಲಿಲಿ ವಾಂಗ್ ಫಿಲ್‌ಮೋರ್ ಅನ್ನುವ ಭಾಷಾಶಾಸ್ತ್ರಜ್ಞೆ ಅಮೆರಿಕದಲ್ಲಿ ಸಾವಿರಕ್ಕೂ ಹೆಚ್ಚು ಕುಟುಂಬಗಳ ಮಾಹಿತಿ ಇಟ್ಟುಕೊಂಡು ಒಂದು ಲೇಖನ ಬರೆದರು. ಪುಟ್ಟ ಮಕ್ಕಳು ಇಂಗ್ಲಿಷ್ ಶಿಶುವಿಹಾರಕ್ಕೆ ಹೋಗತೊಡಗಿದ ಮೇಲೆ ಎಷ್ಟೋ ಮನೆಗಳಲ್ಲಿ ಮನೆಮಾತು ಕರಗಿಹೋಗಿತ್ತು. ತಂದೆತಾಯಿಗೆ ಇಂಗ್ಲಿಷ್ ಸರಿಯಾಗಿ ಬಾರದು, ಮಗುವಿಗೆ ಮನೆಮಾತು ಬಾರದು. ಒಂದೇ ಸೂರಿನಡಿ ಇದ್ದೂ ಬುದ್ಧಿ ಹೇಳುವುದಕ್ಕೆ, ಸಮಾಧಾನ ಮಾಡುವುದಕ್ಕೆ ಮಾತೇ ಇಲ್ಲ.

ನಾವು ಮನೆಯಲ್ಲಿ ಕನ್ನಡವೇ ಮಾತಾಡುತ್ತೇವೆ ಅಂತ ತುಂಬ ಜನ ನನಗೆ ಹೇಳುತ್ತಾರೆ. ಏನು ಮಾತಾಡುತ್ತೀರಿ ಅಂತ ಒಂದು ದಿನ ಗಮನಿಸಿ ನೋಡಿ. ನಾನು ನೋಡಿದೆ. ಏಳು, ಸ್ನಾನ ಮಾಡು, ಊಟ ಮಾಡು, ಹೋಂವರ್ಕ್ ಆಯ್ತಾ, ಟಿವಿ ಆರಿಸು, ಮಲಕ್ಕೊ. ನಮ್ಮ ಕನ್ನಡವೆಲ್ಲ ಅಪ್ಪಣೆಯಾಗಿಬಿಟ್ಟಿತ್ತು. ಈ ಕನ್ನಡದಲ್ಲಿ 14 ವರ್ಷದ ಹುಡುಗಿ ತನ್ನ ಬೇಜಾರನ್ನು ಹೇಗೆ ಹೇಳಿಕೊಳ್ಳುತ್ತಾಳೆ? ಗೆಳತಿ ಮಾತು ಬಿಟ್ಟಳು, ತರಗತಿಯಲ್ಲಿ ಅವಮಾನವಾಯಿತು, ನನಗೆ ಯಾರೂ ಇಲ್ಲ ಅನ್ನಿಸುತ್ತಿದೆ, ಇದಕ್ಕೆಲ್ಲ ಬೇಕಾದ ಪದಗಳನ್ನು ನಾವು ಕಲಿಸಿಯೇ ಇರಲಿಲ್ಲ.

ಆಮೇಲೆ ಬದಲಾಯಿಸಿದೆವು. ದಿನಾ ರಾತ್ರಿ ಊಟದ ಹೊತ್ತಿಗೆ ಒಬ್ಬೊಬ್ಬರೂ ಆ ದಿನದ ಒಂದು ಸಂಗತಿಯನ್ನು ಕನ್ನಡದಲ್ಲಿ ಹೇಳಬೇಕು. ಮಕ್ಕಳು ಪದ ಸಿಗದೆ ತಡವರಿಸಿದರೆ ನಗುವುದಿಲ್ಲ, ತಿದ್ದುವುದಿಲ್ಲ, ಪದವನ್ನು ಮೆಲ್ಲಗೆ ಕೈಗಿಡುತ್ತೇವೆ. ನಾವು ದೊಡ್ಡವರೂ ನಮ್ಮ ದಿನದ ಮಾತು ಹೇಳುತ್ತೇವೆ, ಸೋತ ದಿನಗಳದ್ದೂ ಸೇರಿ. ಅತ್ತೆಯವರಿಗೆ ಇದರಿಂದ ಆದ ಖುಷಿ ಹೇಳತೀರದು. ಆ ಮನೆಯಲ್ಲಿ ಅವರಿಗಿಂತ ಚೆನ್ನಾಗಿ ಕಲಿಸುವವರು ಬೇರೆ ಯಾರಿದ್ದರು?

ಅಲೆಹಾಂಡ್ರೊ ಪೋರ್ಟೆಸ್ ಮತ್ತು ರೂಬೆನ್ ರುಂಬೌ ಅನ್ನುವ ಸಮಾಜಶಾಸ್ತ್ರಜ್ಞರು 1992ರಿಂದ, ಅಮೆರಿಕಕ್ಕೆ ವಲಸೆ ಬಂದವರ 5,000ಕ್ಕೂ ಹೆಚ್ಚು ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದರು. ಮಕ್ಕಳು ತುಂಬ ಮುಂದೆ ಹೋಗಿ ತಂದೆತಾಯಿ ತುಂಬ ಹಿಂದೆ ಉಳಿದ ಮನೆಗಳಲ್ಲಿ ಪಾತ್ರಗಳೇ ಅದಲುಬದಲಾಗುತ್ತವೆ ಅಂತ ಅವರು ಬರೆದರು. ಮಗು ದೊಡ್ಡವರಾಗುತ್ತದೆ, ದೊಡ್ಡವರು ಮಗುವಿನ ಮುಖ ನೋಡುತ್ತಾರೆ. ಇಬ್ಬರೂ ಜೊತೆಯಾಗಿ ಕಲಿತ ಮನೆಗಳು ಇದಕ್ಕಿಂತ ಗಟ್ಟಿ. ಹಾಗಾಗಿ ನಾನೂ ಭಾಷೆಯ ತರಗತಿಗೆ ಸೇರಿದೆ, ವಾರಕ್ಕೆ ಎರಡು ಸಂಜೆ. ಶಾಲೆಯ ಪತ್ರ, ಕರೆಂಟ್ ಬಿಲ್ಲು, ಬ್ಯಾಂಕಿನ ಕಾಗದ ಎಲ್ಲವನ್ನೂ ಮೊದಲು ನಾನೇ ಓದಬೇಕು ಅಂತ ಗಟ್ಟಿಮನಸ್ಸು ಮಾಡಿದೆ. ಒಂದು ಪತ್ರಕ್ಕೆ ಒಂದು ಗಂಟೆ ಹಿಡಿದ ದಿನಗಳಿವೆ. ಮಗಳನ್ನು ಒಂದು ಪದದ ಅರ್ಥ ಕೇಳಬಹುದು. ಅವಳಿಗೂ ಹೇಳಿಕೊಡುವುದರಲ್ಲಿ ಹೆಮ್ಮೆ ಇದೆ, ಅದನ್ನು ಕಿತ್ತುಕೊಳ್ಳಬಾರದು. ಆದರೆ ಫೋನ್ ಮಾಡುವುದು, ದುಡ್ಡಿನ ಮಾತು, ಕಾಯಿಲೆಯ ಮಾತು ನಮ್ಮದು.

ಎರಡು ವರ್ಷದ ಮೇಲೆ ಅತ್ತೆಯವರನ್ನು ಮತ್ತೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಯಿತು. ಮುಂಚೆಯೇ ಕೇಳಿದ್ದರಿಂದ ಫೋನಿನಲ್ಲಿ ಕನ್ನಡದ ದುಭಾಷಿ ಸಿಕ್ಕರು. ಅತ್ತೆಯವರು ಮೊದಲ ಸಲ ತಮ್ಮ ನೋವನ್ನು ತಮ್ಮದೇ ಮಾತಿನಲ್ಲಿ, ನಾಚಿಕೆ ಇಲ್ಲದೆ, ಎಲ್ಲಿ ಶುರುವಾಗಿ ಎಲ್ಲಿಗೆ ಹರಡುತ್ತದೆ ಅಂತ ಪೂರ್ತಿ ಹೇಳಿದರು. ಅಂದು ಶಾಲೆಗೆ ರಜೆ ಇತ್ತು, ಮಗಳೂ ಬಂದಿದ್ದಳು. ಹೊರಗಿನ ಬೆಂಚಿನ ಮೇಲೆ ತಮ್ಮನಿಗೆ ಚಿತ್ರದ ಪುಸ್ತಕ ಓದಿ ಹೇಳುತ್ತ ಕೂತಿದ್ದಳು. ಒಳಗೆ ಬರಲಾ ಅಂತ ಒಮ್ಮೆ ಬಾಗಿಲಲ್ಲಿ ತಲೆ ಹಾಕಿದಳು. ಬೇಡ ಅಂದೆ. ಹೋಗಿ ಮತ್ತೆ ಓದತೊಡಗಿದಳು.