ಬೀಡಿನ ಕಾವಲಿ ಒಡೆದ ಬೆಳಿಗ್ಗೆ

ಹಿಟ್ಟು ಕಲಸುವುದನ್ನು ಈ ವಿಡಿಯೊದಲ್ಲಿ ನೀವೇ ನೋಡುತ್ತಿರುವುದರಿಂದ ಅದನ್ನು ವಿವರಿಸಲು ಹೋಗುವುದಿಲ್ಲ. ಇಂದಿನ ವಿಷಯ, ಕಟ್ಟೆಯ ಮೇಲೆ ಎರಡು ಹೋಳಾಗಿ ಬಿದ್ದಿರುವ ಬೀಡಿನ, ಅಂದರೆ ಎರಕ ಹೊಯ್ದ ಕಬ್ಬಿಣದ, ದೋಸೆ ಕಾವಲಿ. 1,400 ರೂಪಾಯಿ ತೆತ್ತು ತಂದು, ಮೂರು ವಾರ ಎಣ್ಣೆ ಸವರಿ ಪಳಗಿಸಿದ್ದ ಈ ಕಾವಲಿ ನಿನ್ನೆ ಕೈಜಾರಿ ನೆಲಕ್ಕೆ ಬಿದ್ದು, ಮಣ್ಣಿನ ಹೆಂಚಿನಂತೆ ಒಡೆಯಿತು. ಮಾರಿದವರು "ಕಬ್ಬಿಣ ಅಲ್ವಾ, ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ" ಎಂದಿದ್ದರು. ಮಕ್ಕಳ ಕಾಲಕ್ಕೂ ಬರಲಿಲ್ಲ. ಈಗ ಒಲೆಯ ಮೇಲಿರುವುದು ಅಜ್ಜಿಯ ಕಾಲದ, ಬಡಿದು ಮಾಡಿದ ಕಬ್ಬಿಣದ ಕಾವಲಿ. ಎಷ್ಟೋ ಸಲ ಬಿದ್ದರೂ ಅದರ ಅಂಚು ನೆಗ್ಗಿದೆಯೇ ಹೊರತು ಬಿರುಕು ಬಿಟ್ಟಿಲ್ಲ.

ಒಡೆದ ಅಂಚನ್ನು ಹತ್ತಿರದಿಂದ ನೋಡಿ: ಹೊರಮೈ ಕಪ್ಪಾಗಿದ್ದರೂ ಒಳಗೆ ಬೂದು ಬಣ್ಣವಿದೆ. ಆ ಬೂದು ಬಣ್ಣಕ್ಕೆ ಕಾರಣ ಇಂಗಾಲದ ಒಂದು ರೂಪವಾದ ಗ್ರಾಫೈಟ್. ಕಬ್ಬಿಣದ ಪರಮಾಣುಗಳನ್ನು ಹಿಡಿದಿಟ್ಟಿರುವುದು ಅವೆಲ್ಲಕ್ಕೂ ಸೇರಿದ, ಓಡಾಡಿಕೊಂಡಿರುವ ಎಲೆಕ್ಟ್ರಾನುಗಳು. ಹಾಗಾಗಿ ಪೆಟ್ಟು ಬಿದ್ದಾಗ ಪರಮಾಣುಗಳ ಸಾಲುಗಳು ಜಾರಿದರೂ ಹೊಸ ಜಾಗದಲ್ಲಿ ಬಂಧ ಹಾಗೆಯೇ ಉಳಿಯುತ್ತದೆ, ಲೋಹ ಬಾಗುತ್ತದೆ. ಬೀಡಿನಲ್ಲಾದರೋ ಶೇಕಡಾ 2.5ರಿಂದ 4ರಷ್ಟು ಇಂಗಾಲವಿದ್ದು, ಎರಕ ತಣಿಯುವಾಗ ಅದರ ಬಹುಪಾಲು ಗ್ರಾಫೈಟ್ ಚಕ್ಕೆಗಳಾಗಿ ಬೇರ್ಪಡುತ್ತದೆ. ಗ್ರಾಫೈಟಿನ ಒಂದೊಂದು ಹಾಳೆಯೂ ಗಟ್ಟಿಯೇ, ಆದರೆ ಹಾಳೆ ಹಾಳೆಗಳ ನಡುವಿನ ಹಿಡಿತ ತೀರಾ ಸಡಿಲ; ಪೆನ್ಸಿಲ್ ಕಾಗದದ ಮೇಲೆ ಗುರುತು ಬಿಡುವುದೂ ಇದರಿಂದಲೇ. ಅಂದರೆ ನಾನು ಹಣ ಕೊಟ್ಟು ತಂದ ಕಾವಲಿಯೊಳಗೆ ಈ ಚಕ್ಕೆಗಳ ರೂಪದಲ್ಲಿ ಚೂಪು ತುದಿಯ ಬಿರುಕುಗಳು ಮೊದಲೇ ತುಂಬಿದ್ದವು ಎನ್ನಬಹುದು.

ಇದಕ್ಕೆ ಪರಿಹಾರವಿಲ್ಲದೆ ಇಲ್ಲ. 1943ರಲ್ಲಿ ಅಮೆರಿಕದ ಕೀತ್ ಮಿಲ್ಲಿಸ್ ಕರಗಿದ ಬೀಡಿಗೆ ತುಸು ಮೆಗ್ನೀಸಿಯಂ ಬೆರೆಸಿದಾಗ ಗ್ರಾಫೈಟ್ ಚಕ್ಕೆಯ ಬದಲು ಗುಂಡಾಗಿ ಕೂತಿತು. ಇಂಗಾಲ ಅಷ್ಟೇ ಇದ್ದರೂ ಆಕಾರ ಬದಲಾದದ್ದರಿಂದ ಬೀಡು ಬಾಗುವಂತಾಯಿತು. ಈ ಬಾಗುವ ಬೀಡಿನಿಂದ ಮಾಡುವ ನೀರಿನ ಕೊಳವೆಗಳಿಗೆ ಸಿಕ್ಕ ಭಾಗ್ಯ ದೋಸೆ ಕಾವಲಿಗೆ ಏಕಿಲ್ಲವೆಂದು ನಿನ್ನೆಯಿಡೀ ಗೊಣಗಿದೆ. ಆದರೆ ಶಾಖವನ್ನು ಚೆನ್ನಾಗಿ ಹರಡುವುದು ಒಂದಕ್ಕೊಂದು ತಾಗಿಕೊಂಡಿರುವ ಅದೇ ಚಕ್ಕೆಗಳು, ಗುಂಡುಗಳಲ್ಲ. ಅಜ್ಜಿಯ ತೆಳು ಕಾವಲಿಯ ಮೇಲೆ ಈ ದೋಸೆಯ ನಡುಭಾಗ ಸೀಯುತ್ತಿದ್ದು ಅಂಚು ಇನ್ನೂ ಹಸಿಯಾಗಿರುವುದನ್ನು ಕಂಡ ಮೇಲೆ, ಬೀಡನ್ನು ಇನ್ನೆಂದೂ ಕೊಳ್ಳುವುದಿಲ್ಲವೆಂದ ನಿನ್ನೆಯ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ. ಹೊಗೆ ಬರುತ್ತಿದೆ, ಮೊದಲು ಇದನ್ನು ಮಗುಚುತ್ತೇನೆ.