ಕೋಡ್ ಮುಟ್ಟಿಲ್ಲ, ಆದರೂ ಪಾಂಡಾಸ್ ಓಡುತ್ತಿಲ್ಲ: ಪೈಥಾನ್ ಪ್ಯಾಕೇಜ್‌ಗಳ ವರ್ಷನ್ ಜಗಳ

[ಪರದೆ: ಟರ್ಮಿನಲ್. ಕೊನೆಯಲ್ಲಿ ಒಂದು ವ್ಯಾಲ್ಯೂ ಎರರ್.]

ನಮಸ್ಕಾರ. ಈ ಎರರ್ ಒಮ್ಮೆ ನೋಡಿ. ನಂಪೈ ಅಂದರೆ ಸಂಖ್ಯೆಗಳ ಲೆಕ್ಕ ಮಾಡುವ ಪೈಥಾನ್ ಪ್ಯಾಕೇಜ್; ಟೇಬಲ್ ರೂಪದ ಡೇಟಾಗೆ ಬಳಸುವ ಪಾಂಡಾಸ್ ನಿಂತಿರುವುದು ಅದರ ಮೇಲೆ. ನಂಪೈಯ ಡಿಟೈಪ್, ಅಂದರೆ ಸಂಖ್ಯೆಯ ಬಗೆಯನ್ನು ವಿವರಿಸುವ ಒಳಗಿನ ಭಾಗ, ಅದರ ಗಾತ್ರ ಬದಲಾಗಿದೆ, 96 ಇರಬೇಕಿತ್ತು, 88 ಸಿಕ್ಕಿದೆ ಅಂತ ಹೇಳುತ್ತಿದೆ. ನಂಪೈ 2.0 ಬಂದದ್ದು 2024ರ ಜೂನ್ 16ರಂದು. ಆಮೇಲೆ ಇದು ತುಂಬಾ ಜನರನ್ನು ಕಾಡಿತು. ಹೊಸ ಲ್ಯಾಪ್‌ಟಾಪಿಗೆ ಪಾಂಡಾಸ್ 2.0.3 ಹಾಕಿ, ಬರೀ ಇಂಪೋರ್ಟ್ ಪಾಂಡಾಸ್ ಅಂದರೆ ಸಾಕು, ಅಲ್ಲೇ ನಿಂತುಬಿಡುತ್ತಿತ್ತು. ಕೋಡಿನಲ್ಲಿ ಒಂದಕ್ಷರ ಬದಲಾಗಿರಲಿಲ್ಲ.

ಪಾಂಡಾಸ್ ಅಂದರೆ ಬರೀ ಪೈಥಾನ್ ಅಲ್ಲ. ಒಳಗೆ ಮೊದಲೇ ಕಂಪೈಲ್ ಮಾಡಿಟ್ಟ, ಅಂದರೆ ಮಷೀನಿನ ಭಾಷೆಗೆ ಬದಲಾಯಿಸಿಟ್ಟ, ಕೋಡ್ ಬೇಕಾದಷ್ಟಿದೆ. ನಂಪೈಯ ಯಾವ ಭಾಗ ಮೆಮೊರಿಯಲ್ಲಿ ಎಲ್ಲಿರುತ್ತದೆ, ಎಷ್ಟು ಬೈಟ್ ಇರುತ್ತದೆ ಅನ್ನುವುದು ಕಂಪೈಲ್ ಮಾಡುವಾಗಲೇ ಅದರಲ್ಲಿ ಬರೆದುಹೋಗಿರುತ್ತದೆ. 2.0.3 ತಯಾರಾದದ್ದು ನಂಪೈ 1ರ ಲೆಕ್ಕಕ್ಕೆ. ನಂಪೈ 1.0 ಬಂದದ್ದು 2006ರಲ್ಲಿ. ಅಲ್ಲಿಂದ ಮುಂದೆ ಆ ಮೊದಲ ಅಂಕಿ 2024ರವರೆಗೂ ಬದಲಾಗಲಿಲ್ಲ. 2.0ರಲ್ಲಿ ಒಳಗಿನ ಜೋಡಣೆಯೇ ಬದಲಾಯಿತು, ಹಳೆಯ ಲೆಕ್ಕ ತಾಳೆಯಾಗಲಿಲ್ಲ.

ಹಾಗಾದರೆ ಪ್ಯಾಕೇಜ್‌ಗಳನ್ನು ತಂದು ಹಾಕುವ ಪಿಪ್ ಯಾಕೆ ತಡೆಯಲಿಲ್ಲ?

[ಪರದೆ: ಪಾಂಡಾಸ್‌ನ ಎರಡು ವರ್ಷನ್‌ಗಳ ಬೇಡಿಕೆ, ಅಕ್ಕಪಕ್ಕ.]

ಪಾಂಡಾಸ್ 2.0.3 ತನಗೆ ಬೇಕಾದ ನಂಪೈಗೆ ಕೆಳಗಿನ ಮಿತಿ ಮಾತ್ರ ಹಾಕಿತ್ತು: ಇಷ್ಟಾದರೂ ಇರಲಿ ಅಂತ. ಮೇಲಿನ ಮಿತಿ ಇರಲಿಲ್ಲ. ಪಿಪ್ ಪಾಂಡಾಸ್‌ನ ಮಾತು ಕೇಳಿ ಹೊಸದನ್ನೇ ತಂದಿತು. ಪಾಂಡಾಸ್ 2.2.0 ಮುಂಚೆಯೇ ಎಚ್ಚರ ವಹಿಸಿ, 2ಕ್ಕಿಂತ ಕಡಿಮೆ ಇರಲಿ ಅಂತ ಬರೆದಿತ್ತು. ಒಳ್ಳೆಯದೇ. ಆದರೆ ಅದರ ಜೊತೆ ನಂಪೈ 2 ಬೇಕೇಬೇಕು ಅನ್ನುವ ಇನ್ನೊಂದು ಪ್ಯಾಕೇಜ್ ಹಾಕಲು ಹೋದರೆ? ಒಂದು ಎನ್ವಿರಾನ್ಮೆಂಟಿನಲ್ಲಿ, ಅಂದರೆ ಒಂದು ಪ್ರಾಜೆಕ್ಟಿಗೆಂದು ಪ್ಯಾಕೇಜ್‌ಗಳನ್ನು ಬೇರೆ ಇಡುವ ಜಾಗದಲ್ಲಿ, ನಂಪೈ ಒಂದೇ ಇರಲು ಸಾಧ್ಯ. ಸೈಪೈ, ಸೈಕಿಟ್ ಲರ್ನ್, ಮ್ಯಾಟ್‌ಪ್ಲಾಟ್‌ಲಿಬ್ ಎಲ್ಲ ನಿಂತಿರುವುದೂ ಅದೇ ಒಂದರ ಮೇಲೆ. ಪಿಪ್ ಕೈಚೆಲ್ಲುತ್ತದೆ.

ಮಿತಿ ಹಾಕದಿದ್ದರೆ ಓಡುವಾಗ ಬೀಳುತ್ತದೆ, ಹಾಕಿದರೆ ಇನ್‌ಸ್ಟಾಲ್ ಆಗುವಾಗಲೇ ಜಗಳ. ಪ್ಯಾಕೇಜ್ ಬರೆಯುವವರನ್ನು ಬೈಯುವ ಮೊದಲು ಇದನ್ನು ನೆನಪಿಡಬೇಕು. ಅವರಲ್ಲಿ ಎಷ್ಟೋ ಜನ ಬಿಡುವಿನ ಸಮಯದಲ್ಲಿ, ಸಂಬಳವಿಲ್ಲದೆ ಈ ಕೆಲಸ ಮಾಡುತ್ತಾರೆ. ಮುಂದೆ ಯಾವ ವರ್ಷನ್ ಏನು ಮುರಿಯುತ್ತದೆ ಅಂತ ಅವರಿಗೂ ಗೊತ್ತಿರುವುದಿಲ್ಲ. ನಿಮ್ಮ ಪ್ರಾಜೆಕ್ಟಿಗೆ ಯಾವ ವರ್ಷನ್ ಸರಿ ಅಂತ ಕಟ್ಟಿಡುವ ಕೆಲಸ ನಿಮ್ಮದೇ, ಲೈಬ್ರರಿಯದ್ದಲ್ಲ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

[ಪರದೆ: ಪಿಪ್ ಔಟ್‌ಪುಟ್. ಮೇಲೆ ಕೆಂಪು ಸಾಲು, ಕೆಳಗೆ 'ಸಕ್ಸೆಸ್‌ಫುಲಿ ಇನ್‌ಸ್ಟಾಲ್ಡ್'.]

ಈ ಎರಡು ಸಾಲು ಒಟ್ಟಿಗೆ ಬರುವುದನ್ನು ನೀವೂ ನೋಡಿರಬಹುದು. ಮೇಲಿನದು ಜಗಳ ಇದೆ ಅನ್ನುತ್ತದೆ, ಕೆಳಗಿನದು ಎಲ್ಲ ಸರಿ ಅನ್ನುತ್ತದೆ. ನಂಬಬೇಕಾದದ್ದು ಮೇಲಿನದನ್ನು. ಮೊದಲೇ ಹಾಕಿಕೊಂಡಿರುವ ಎಲ್ಲ ಪ್ಯಾಕೇಜ್‌ಗಳನ್ನೂ ಪಿಪ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಈಗ ಕೇಳಿದ್ದನ್ನು ಹಾಕಿ, ಹಳೆಯದಕ್ಕೆ ಏಟು ಬಿದ್ದಿದೆ ಅಂತ ಆಮೇಲೆ ತಿಳಿಸುತ್ತದೆ. ಅದಕ್ಕೇ ಒಂದೊಂದಾಗಿ ಹಾಕಬೇಡಿ. ಬೇಕಾದ ಹೆಸರುಗಳನ್ನೆಲ್ಲ ಒಂದೇ ಕಮಾಂಡಿನಲ್ಲಿ ಕೊಡಿ. ಕೊನೆಗೆ ಜಗಳ ಉಳಿದಿದೆಯೇ ಅಂತ ನೋಡಲು 'ಪಿಪ್ ಚೆಕ್' ಅಂತ ಒಮ್ಮೆ ಓಡಿಸಿ.

ಎರರ್ ಬಂದು ನಿಂತರೆ ಅದು ಪುಣ್ಯ. ನನಗೆ ಜಾಸ್ತಿ ಭಯ ಇರುವುದು ನಿಲ್ಲದೆ ಓಡುವ ಕೋಡಿನದ್ದು.

[ಪರದೆ: ಎರಡು ಕಿಟಕಿ, ಎಡಕ್ಕೆ ನಂಪೈ 1.26, ಬಲಕ್ಕೆ ನಂಪೈ 2.0.]

ಎರಡರಲ್ಲೂ ಒಂದೇ ಸಾಲು ಬರೆಯುತ್ತಿದ್ದೇನೆ: 8 ಬಿಟ್‌ನ 100ಕ್ಕೆ ಸುಮ್ನೆ 200 ಕೂಡಿಸು. ಎಡಗಡೆ ಉತ್ತರ 300. ಬಲಗಡೆ 44. ಹೌದು, 44. ಎಂಟು ಬಿಟ್‌ನಲ್ಲಿ ಹಿಡಿಯುವುದು 255ರವರೆಗೆ. ಹಳೆಯ ನಂಪೈ, ಇಂಥ ಒಂಟಿ ಸಂಖ್ಯೆಗೆ ಪೈಥಾನಿನ ಸಂಖ್ಯೆ ಕೂಡಿಸಿದರೆ, ಉತ್ತರ ಹಿಡಿಯಲಿ ಬಿಡಲಿ, ತಾನೇ ದೊಡ್ಡ ಜಾಗಕ್ಕೆ ಬದಲಾಯಿಸುತ್ತಿತ್ತು. ಹೊಸದು 8 ಬಿಟ್‌ನಲ್ಲೇ ಉಳಿದು 300ರಿಂದ 256 ಕಳೆದುಬಿಡುತ್ತದೆ. ಒಂದು ವಾರ್ನಿಂಗ್ ಬರುತ್ತದೆ, ನಿಜ. ಆದರೆ ನೋಟ್‌ಬುಕ್ಕಿನ ಮೊದಲ ಸಾಲಿನಲ್ಲೇ ವಾರ್ನಿಂಗ್‌ಗಳ ಬಾಯಿ ಮುಚ್ಚಿಸುವ ಅಭ್ಯಾಸ ತುಂಬಾ ಜನರಿಗಿದೆ. ಚಿತ್ರಗಳ ಪಿಕ್ಸೆಲ್ ಸಾಮಾನ್ಯವಾಗಿ 8 ಬಿಟ್‌ನಲ್ಲೇ ಇರುವುದು. ನಿಮ್ಮ ಪ್ರಬಂಧದ ಟೇಬಲ್ಲಿನಲ್ಲಿ ಇಂಥದ್ದೊಂದು 44 ಕೂತರೆ ಯಾರು ಹಿಡಿಯುತ್ತಾರೆ? ದಯವಿಟ್ಟು ವಾರ್ನಿಂಗ್ ಮುಚ್ಚಿಸುವ ಆ ಸಾಲು ತೆಗೆದುಹಾಕಿ.

ಈಗ ಮೊದಲು ನೋಡಿದ ಎರರ್ ಸರಿಮಾಡೋಣ. ಹಳೆಯ ಎನ್ವಿರಾನ್ಮೆಂಟ್ ರಿಪೇರಿ ಮಾಡುತ್ತಾ ಕೂರಬೇಡಿ, ಅಳಿಸಿ ಹೊಸದು ಮಾಡಿ. ಪೈಥಾನ್ 3.11 ಇರಲಿ. 3.12 ಆದರೆ ಪಾಂಡಾಸ್ 2.0.3ಕ್ಕೆ ತಯಾರಾದ ಫೈಲ್ ಸಿಗುವುದಿಲ್ಲ, ಪಿಪ್ ನಿಮ್ಮ ಮಷೀನಿನಲ್ಲೇ ಕಂಪೈಲ್ ಮಾಡಲು ಹೊರಡುತ್ತದೆ, ಬೇರೆಯದೇ ತಲೆನೋವು. ನಾನು ಇದಕ್ಕೆ ಪಿಪ್ ಥರದ್ದೇ ಕೆಲಸ ಮಾಡುವ ಯುವಿ ಬಳಸುತ್ತೇನೆ. ಅದರಲ್ಲಿ 'ಎಕ್ಸ್‌ಕ್ಲೂಡ್ ನ್ಯೂಯರ್' ಅಂತ ಒಂದು ಆಯ್ಕೆ ಇದೆ, ಅದಕ್ಕೊಂದು ತಾರೀಖು ಕೊಡಬಹುದು.

[ಪರದೆ: ಪಾಂಡಾಸ್ 2.0.3, ತಾರೀಖು 2024 ಜೂನ್ 1.]

ಆ ತಾರೀಖಿನ ನಂತರ ಬಂದದ್ದನ್ನು ಯುವಿ ನೋಡುವುದೇ ಇಲ್ಲ. ನಂಪೈ 1.26.4 ಬಂತು ನೋಡಿ. ಇಂಪೋರ್ಟ್ ಆಯಿತು. ಹಳೆಯ ಪ್ರಬಂಧದ ಕೋಡ್ ಕೈಗೆ ಸಿಕ್ಕಿ ವರ್ಷನ್ ಪಟ್ಟಿ ಸಿಗದಿದ್ದರೆ, ಕೊನೆಯ ಕಮಿಟ್‌ನ, ಅಂದರೆ ಕೋಡಿನ ಬದಲಾವಣೆ ಕೊನೆಯ ಸಲ ದಾಖಲಿಸಿದ, ತಾರೀಖು ಇಲ್ಲಿ ಹಾಕಿ. ಬಹಳ ಸಲ ಇಷ್ಟೇ ಸಾಕಾಗುತ್ತದೆ.

ಜಿಡಾಲ್ (ನಕ್ಷೆಯ ಡೇಟಾಗೆ), ಎಚ್‌ಡಿಎಫ್5 (ದೊಡ್ಡ ಡೇಟಾ ಫೈಲ್‌ಗಳಿಗೆ) ಥರ ಪೈಥಾನ್ ಅಲ್ಲದ ಲೈಬ್ರರಿ ಬೇಕಿದ್ದರೆ, ಅಂಥದ್ದನ್ನೂ ತಂದು ಹಾಕುವ ಕಾಂಡಾ ಅನುಕೂಲ. ಕಾಂಡಾದಿಂದ ಬರುವುದನ್ನೆಲ್ಲ ಮೊದಲು ಹಾಕಿ, ಪಿಪ್ ಕೊನೆಗೆ.

ಕೋಡ್ ಸರಿಯಾಗಿ ಓಡುತ್ತಿರುವಾಗಲೇ ವರ್ಷನ್‌ಗಳನ್ನೆಲ್ಲ ಫೈಲಿಗೆ ಬರೆಸಿ, ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ಗೆ ಸೇರಿಸಿ. ನಂಪೈ 2 ಬೇಕು ಅಂದಾಗ ಬೇರೆ ಎನ್ವಿರಾನ್ಮೆಂಟ್ ಮಾಡಿ, ಪಾಂಡಾಸ್ 2.2.2 ಅಥವಾ ಅದಕ್ಕಿಂತ ಹೊಸದು ಹಾಕಿ. ನಂಪೈ 1 ಮತ್ತು 2 ಎರಡರ ಜೊತೆಗೂ ಹೊಂದಿಕೊಳ್ಳುವುದು ಅಲ್ಲಿಂದ ಮುಂದೆ. ಎರಡೂ ಕಡೆ ಒಂದೇ ಡೇಟಾ ಓಡಿಸಿ ಉತ್ತರ ಹೋಲಿಸಿ. ಉತ್ತರ ಬೇರೆ ಬಂದರೆ, 8 ಬಿಟ್ ಮತ್ತು 32 ಬಿಟ್ ಸಂಖ್ಯೆಗಳಿರುವ ಸಾಲುಗಳಿಂದ ಹುಡುಕಲು ಶುರುಮಾಡಿ.